ಕೆಳರೆಪ್ಪೆ ನೋಡಿ ರಕ್ತ ಅಳೆಯುವ ಮುನಿಯಣ್ಣ

ಬೆಳಿಗ್ಗೆ ಐದೂಮುಕ್ಕಾಲು. ಮುನಿಯಣ್ಣ ಕೊಟ್ಟಿಗೆಯ ಟ್ಯೂಬ್‌ಲೈಟ್ ಆರಿಸಿ ಬಾಗಿಲಲ್ಲಿ ಕೂತಿದ್ದಾರೆ. ಕಾಯುತ್ತಿರುವುದು ಬೆಳಕಿಗೆ. ಯಲಹಂಕ ದಾಟಿ ದೊಡ್ಡಬಳ್ಳಾಪುರ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಈ ತಗಡಿನ ಕೊಟ್ಟಿಗೆಯ ಮೂರು ಕಡೆಗೂ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಪೂರ್ವಕ್ಕೆ ಮಾತ್ರ ಒಂದು ಖಾಲಿ ಸೈಟು ಉಳಿದಿದೆ. ಆ ಸೈಟಿನ ಪುಣ್ಯದಿಂದ ಆರು ಗಂಟೆ ಹೊತ್ತಿಗೆ ಬಾಗಿಲಿಗೆ ಒಳ್ಳೆಯ ಬೆಳಕು ಬೀಳುತ್ತದೆ. ಬಿದ್ದ ಕೂಡಲೇ ಮುನಿಯಣ್ಣ ಎದ್ದು ಪಂಚೆ ಎತ್ತಿ ಕಟ್ಟಿ, ಮೊದಲ ಕುರಿಯನ್ನು ಬಾಗಿಲಿಗೆ ಕರೆತಂದು, ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದು ಬಗ್ಗಿ ನೋಡುತ್ತಾರೆ.

"ಟೂಬ್‌ಲೈಟ್ ಕೆಳಗೆ ಎಲ್ಲಾ ಕುರೀನೂ ಬಿಳಚ್ಕೊಂಡಂಗೇ ಕಾಣ್ತದೆ ಸಾರ್. ಬಣ್ಣ ನೋಡ್ಬೇಕು ಅಂದ್ರೆ ಒತ್ತಾರೆ ಬೆಳಕೇ ಆಗ್ಬೇಕು" ಎನ್ನುತ್ತಾರೆ. ಹೇಳುತ್ತಲೇ ಕುರಿಯ ಬೆನ್ನು ತಟ್ಟಿ ಎಡಕ್ಕೆ ಕಳಿಸುತ್ತಾರೆ. ಎಡಕ್ಕೆ ಹೋದರೆ ಸರದಿ ಬಂದಾಗ ರಕ್ತ ಕೊಡಬಹುದು ಎಂದರ್ಥ. ಬಲಕ್ಕೆ ಹೋದರೆ ಇನ್ನೊಂದು ವಾರ ಕಾಯಬೇಕು. ಹಿಂದಕ್ಕೆ, ಮೇವಿನ ಗೂಡಿನ ಪಕ್ಕಕ್ಕೆ ಹೋದ ಕುರಿಯನ್ನು ಮುನಿಯಣ್ಣ ಬಿಟ್ಟು ಇನ್ಯಾರೂ ಮುಟ್ಟುವಂತಿಲ್ಲ.

ಕುರಿಯ ರಕ್ತ ಯಾರಿಗೆ ಬೇಕು? ಆಸ್ಪತ್ರೆಗಳಿಗೆ ಬೇಕು. ರೋಗಿಯ ಕಫವನ್ನೋ, ಬೆನ್ನುಹುರಿಯ ನೀರನ್ನೋ ಪರೀಕ್ಷೆಗೆ ಕೊಟ್ಟಾಗ ಅದರಲ್ಲಿ ಯಾವ ರೋಗಾಣು ಇದೆ ಎಂದು ತಿಳಿಯಲು ಅದನ್ನು ಒಂದು ಪುಟ್ಟ ತಟ್ಟೆಯಲ್ಲಿ ಬೆಳೆಸಿ ನೋಡುತ್ತಾರೆ. ಆ ತಟ್ಟೆಯಲ್ಲಿ ರೋಗಾಣುವಿಗೆ ಬಡಿಸುವ ಊಟಕ್ಕೆ ರಕ್ತ ಬೆರೆಸಬೇಕು, ಅದಕ್ಕೆ ಕುರಿಯ ರಕ್ತವೇ ಒಳ್ಳೆಯದು. ಇಂಥ ತಟ್ಟೆಗಳನ್ನು ತಯಾರಿಸುವ ಒಂದು ಸಣ್ಣ ಖಾಸಗಿ ಘಟಕ ಕೊಟ್ಟಿಗೆಯ ಮುಂದಿನ ಕಟ್ಟಡದಲ್ಲಿದೆ. ಅದರ ಇಪ್ಪತ್ತನಾಲ್ಕು ಕುರಿಗಳನ್ನು ಹತ್ತೊಂಬತ್ತು ವರ್ಷದಿಂದ ಸಾಕುತ್ತಿರುವವರು ಐವತ್ತೇಳರ ಮುನಿಯಣ್ಣ. ಉತ್ತರ ಬೆಂಗಳೂರಿನಲ್ಲಿ ಅದೆಷ್ಟೋ ವೈದ್ಯರು ಅವರ ಕುರಿಗಳನ್ನು ನಂಬಿ ಔಷಧಿ ಬರೆಯುತ್ತಾರೆ. ಅವರ ಹೆಸರು ಮಾತ್ರ ಒಬ್ಬ ವೈದ್ಯರಿಗೂ ಗೊತ್ತಿಲ್ಲ.

ಇವತ್ತು ಸರದಿ ಬಿಳಿಮೂತಿ ಮತ್ತು ಸುಂದ್ರಿಯದು. ಮುನಿಯಣ್ಣ ಬಿಳಿಮೂತಿಯನ್ನು ಎರಡು ಮೊಣಕಾಲುಗಳ ನಡುವೆ ನಿಲ್ಲಿಸಿಕೊಳ್ಳುತ್ತಾರೆ. ಹಗ್ಗವಿಲ್ಲ, ಕಟ್ಟುವುದಿಲ್ಲ. ಕತ್ತಿನ ಒಂದು ಕಡೆ ಉಣ್ಣೆ ಬೋಳಿಸಿದ ಜಾಗಕ್ಕೆ ಸ್ಪಿರಿಟ್ ಒರೆಸಿ, ರಕ್ತನಾಳವನ್ನು ಬೆರಳಿನಿಂದ ಒತ್ತಿ ಉಬ್ಬಿಸಿ, ಸೂಜಿ ಇಳಿಸುತ್ತಾರೆ. ಕುರಿ ಒಮ್ಮೆ ಕಿವಿ ಅಲ್ಲಾಡಿಸಿ ಸುಮ್ಮನಾಗುತ್ತದೆ. ಇನ್ನೂರು ಮಿಲಿಲೀಟರ್, ಅದಕ್ಕಿಂತ ಒಂದು ಚಮಚವೂ ಹೆಚ್ಚಿಲ್ಲ. ಸೂಜಿ ತೆಗೆದ ಮೇಲೆ ಐದು ನಿಮಿಷ ಆ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿದು, ಅಷ್ಟು ಹೊತ್ತೂ ಅದರ ಕಿವಿಯಲ್ಲಿ ಏನೋ ಹೇಳುತ್ತಿರುತ್ತಾರೆ. ಏನು ಹೇಳುತ್ತೀರಿ ಎಂದರೆ ನಾಚಿಕೊಳ್ಳುತ್ತಾರೆ.

ನಿಜವಾದ ಕಸುಬು ಶುರುವಾಗುವುದು ಆಮೇಲೆ. ರಕ್ತ ತುಂಬಿದ ಬಾಟಲಿಯಲ್ಲಿ ಗಾಜಿನ ಮಣಿಗಳಿವೆ. ಹಾಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಕೆಲಸಕ್ಕೆ ಬಾರದು. ಅದಕ್ಕೆ ಬಾಟಲಿಯನ್ನು ಹತ್ತು ಹನ್ನೆರಡು ನಿಮಿಷ ಒಂದೇ ಸಮನೆ ತಿರುಗಿಸುತ್ತಿರಬೇಕು. ಹೆಪ್ಪುಗಟ್ಟಿಸುವ ನಾರೆಲ್ಲ ಮಣಿಗಳಿಗೆ ಸುತ್ತಿಕೊಂಡು, ಹೆಪ್ಪಾಗದ ರಕ್ತ ಉಳಿಯುತ್ತದೆ. ನಿಧಾನ ಮಾಡಿದರೆ ಗಡ್ಡೆಯಾಗುತ್ತದೆ. ಜೋರು ಮಾಡಿದರೆ ಒಳಗಿನ ಕೆಂಪು ಕಣಗಳು ಒಡೆದು ರಕ್ತ ಶರಬತ್ತಿನಂತೆ ತೆಳ್ಳಗಾಗುತ್ತದೆ. ಘಟಕದವರು ಇದಕ್ಕೊಂದು ಯಂತ್ರ ತಂದಿದ್ದರು. ಅದು ಎಂಟು ತಿಂಗಳಿಂದ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದೆ.

"ಮಿಷಿನ್‌ಗೆ ಒಂದೇ ಲೆಕ್ಕ ಸಾರ್. ರಕ್ತ ಅಂಗಲ್ಲ. ಚಳೀಲಿ ಒಂದ್ ತರ, ಬಿಸಿಲಲ್ಲಿ ಒಂದ್ ತರ. ಮಣಿ ಸದ್ದು ಇರ್ತದಲ್ಲ, ಅದು ಗಲಗಲ ಅನ್ನೋದು ಓಗಿ ಮೆತ್ತಗಾಗ್ತದೆ. ಆಗ ನಿಲ್ಸ್ಬೇಕು. ಕಿವೀಲಿ ಕೇಳೋ ಕೆಲ್ಸ ಇದು" ಎಂದು ಮುನಿಯಣ್ಣ ಬಾಟಲಿಯನ್ನು ಕಿವಿಯ ಹತ್ತಿರ ತಂದು ತೋರಿಸುತ್ತಾರೆ.

ಬಾಟಲಿ ಮುಂದಿನ ಕಟ್ಟಡಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಕೈಗೆ ತೆಗೆದುಕೊಳ್ಳುವವಳು ತರನ್ನುಮ್. ಆರ್.ಟಿ. ನಗರದಿಂದ ಎರಡು ಬಸ್ಸು ಬದಲಿಸಿ ಬರುವ ಇಪ್ಪತ್ತಾರರ ಹುಡುಗಿ, ತಟ್ಟೆಗಳ ತಯಾರಿ ಅವಳದು. ಬೇಯಿಸಿ ಉಗುರುಬೆಚ್ಚಗಿನದಕ್ಕಿಂತ ತುಸು ಬಿಸಿಯಾಗಿಟ್ಟ, ಆರಿದರೆ ಗಟ್ಟಿಯಾಗುವ ಅಗರ್ ದ್ರವಕ್ಕೆ ರಕ್ತ ಬೆರೆಸಿ ತಟ್ಟೆಗೆ ಸುರಿದರೆ ಕೆಂಪು ತಟ್ಟೆ. ರಕ್ತ ಬೆರೆಸಿದ ಮೇಲೆ ಇನ್ನೂ ಕಾಯಿಸಿದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಅದಕ್ಕೆ ಚಾಕೊಲೇಟ್ ತಟ್ಟೆ ಎಂದು ಹೆಸರು, ಹೆಸರಲ್ಲಿ ಬಿಟ್ಟರೆ ಚಾಕೊಲೇಟಿನ ಸುಳಿವೂ ಅದರಲ್ಲಿಲ್ಲ.

"ರಕ್ತ ಕೆಂಪಗಿರೋದು ಹಿಮೋಗ್ಲೋಬಿನ್‌ನಿಂದ. ಅದು ಒಂದು ಪ್ರೋಟೀನು. ಅದರೊಳಗೆ ಹೀಮ್ ಅಂತ ಇರುತ್ತೆ, ಹೀಮ್ ಮಧ್ಯದಲ್ಲಿ ಕಬ್ಬಿಣ. ನಾವು ಉಸಿರಾಡೋ ಆಕ್ಸಿಜನ್‌ನ ಹಿಡ್ಕೊಂಡು ಮೈಯೆಲ್ಲಾ ತಿರುಗೋದು ಅದೇ" ಎಂದು ತರನ್ನುಮ್ ಕೈಗವಸು ಹಾಕಿಕೊಳ್ಳುತ್ತಲೇ ವಿವರಿಸುತ್ತಾಳೆ. "ಕೆಲವು ಬ್ಯಾಕ್ಟೀರಿಯಾಗೆ ಹೀಮ್ ಮಾಡ್ಕೊಳ್ಳೋಕೆ ಬರಲ್ಲ. ರೆಡಿ ಸಿಕ್ಕಿದ್ರೇನೇ ಬೆಳೆಯೋದು. ಮಕ್ಕಳಿಗೆ ಮೆದುಳು ಜ್ವರ ತರುತ್ತಲ್ಲ, ಅದರಲ್ಲಿ ಒಂದು ಇಂಥದ್ದೇ. ಕಾಯಿಸಿದ್ರೆ ಕಣ ಒಡೆದು ಹೀಮೆಲ್ಲಾ ಹೊರಗೆ ಬರುತ್ತೆ, ಅದಕ್ಕೆ ಊಟ ಸಿಗುತ್ತೆ. ಮುನಿಯಣ್ಣನ ರಕ್ತ ಚೆನ್ನಾಗಿಲ್ಲ ಅಂದ್ರೆ ತಟ್ಟೇಲಿ ಏನೂ ಬೆಳೆಯಲ್ಲ. ಲ್ಯಾಬ್‌ನವರು ಏನೂ ಇಲ್ಲ ಅಂತ ರಿಪೋರ್ಟ್ ಬರೆದುಬಿಡ್ತಾರೆ. ಮಗು ಕಥೆ ಏನಾಗಬೇಕು?"

ಮುನಿಯಣ್ಣನ ರಕ್ತ ಎಂದೇ ಎಲ್ಲರೂ ಅನ್ನುವುದು. ಕೇಳಿ ಕೇಳಿ ಅವರಿಗೂ ಅಭ್ಯಾಸವಾಗಿದೆ.

ವಾರಕ್ಕೆ ಮೂರು ದಿನ, ದಿನಕ್ಕೆ ಎರಡು ಕುರಿ. ಒಂದು ಕುರಿ ಒಮ್ಮೆ ಕೊಟ್ಟರೆ ಮತ್ತೆ ನಾಲ್ಕು ವಾರ ಅದಕ್ಕೆ ರಜ. ಒಂದು ಬಾಟಲಿಯಿಂದ ಹತ್ತಿರ ಹತ್ತಿರ ಇನ್ನೂರು ತಟ್ಟೆ. ಕುರಿಗೆ ಗಾಯವಾಗಿ ಔಷಧಿ ಕೊಟ್ಟಿದ್ದರೆ ಅದರ ರಕ್ತವನ್ನು ವಾರಗಟ್ಟಲೆ ತೆಗೆಯುವಂತಿಲ್ಲ, ಔಷಧಿಯ ಅಂಶ ತಟ್ಟೆಯಲ್ಲಿ ರೋಗಾಣುವನ್ನು ಕೊಂದುಬಿಡುತ್ತದೆ. ಬೆಳಿಗ್ಗೆ ಹುರುಳಿ ಹೊಟ್ಟು, ಮಧ್ಯಾಹ್ನ ಸೀಮೆಹುಲ್ಲು, ಅವರೆಯ ಕಾಲದಲ್ಲಿ ಅವರೆಕಾಯಿ ಸಿಪ್ಪೆ. ವಿದ್ಯಾರಣ್ಯಪುರದ ಮನೆಯಿಂದ ನಾಲ್ಕೂವರೆಗೆ ಎಕ್ಸೆಲ್ ಮೊಪೆಡ್ ಹತ್ತಿ ಹೊರಡುವ ಮುನಿಯಣ್ಣನಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. "ಕುರಿಗೆ ಭಾನ್ವಾರ ಒಟ್ಟೆ ಅಸಿಯಲ್ವಾ?" ಎಂದು ಅವರೇ ಕೇಳುತ್ತಾರೆ.

ಹುಟ್ಟಿದ್ದು ಬ್ಯಾಟರಾಯನಪುರದಲ್ಲಿ. ಅಪ್ಪ ಊರವರ ಕುರಿಗಳನ್ನು ಕೂಡಿಸಿಕೊಂಡು ಕೊಡಿಗೇಹಳ್ಳಿಯ ಕಡೆಯಿಂದ ಹೆಬ್ಬಾಳ ಕೆರೆಯ ಅಂಚಿನವರೆಗೆ ಮೇಯಿಸುತ್ತಿದ್ದರು. ಈಗ ಅಲ್ಲಿ ಮೇಲ್ಸೇತುವೆಯ ಕಂಬಗಳಿವೆ. ರೆಪ್ಪೆ ನೋಡುವ ವಿದ್ಯೆ ಅಪ್ಪನದೇ. ಮಳೆಗಾಲದಲ್ಲಿ ಹೊಸ ಹುಲ್ಲಿನ ಜೊತೆ ಕುರಿಯ ಹೊಟ್ಟೆ ಸೇರುವ ಒಂದು ಹುಳು ಅಲ್ಲೇ ಕೂತು ರಕ್ತ ಹೀರುತ್ತದೆ. ಮೈಮೇಲೆ ಉಣ್ಣೆ ಇರುವುದರಿಂದ ಕುರಿ ಸೊರಗಿದ್ದು ಕಾಣುವುದಿಲ್ಲ, ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಕೆಳರೆಪ್ಪೆಯ ಒಳಗಿನ ತೆಳು ಚರ್ಮ ಮಾತ್ರ ಮೊದಲೇ ಹೇಳಿಬಿಡುತ್ತದೆ. ಕೆಂಪಗಿದ್ದರೆ ಸರಿ, ಗುಲಾಬಿಯಾದರೆ ಎಚ್ಚರ, ಬೆಳ್ಳಗಾದರೆ ಅಪಾಯ. ಆಸ್ಪತ್ರೆಯಲ್ಲಿ ವೈದ್ಯರು ನಮ್ಮ ರೆಪ್ಪೆ ಎಳೆದು ನೋಡುವುದೂ ಇದಕ್ಕೇ.

"ನಮ್ಮಪ್ಪ ಏಳೋನು, ಈ ಕುರಿ ಸಾಯ್ತದೆ, ಔಸ್ತಿ ಆಕ್ರಪ್ಪಾ ಅಂತ. ಕುರಿ ಯಜಮಾನ್ರು ಕೇಳ್ತಿರ್ಲಿಲ್ಲ. ಕಾಯೋನ್ಗೇನು ಗೊತ್ತು ಅನ್ನೋರು. ಸತ್ ಮೇಲೆ ಬಂದು ಅವನ್ನೇ ಬೈಯೋರು" ಎನ್ನುವಾಗ ಮುನಿಯಣ್ಣನ ದನಿ ಏರುವುದಿಲ್ಲ. ಆದರೆ ಕೈಯಲ್ಲಿದ್ದ ಹುಲ್ಲಿನ ಕಂತೆ ಅಲ್ಲೇ ನಿಲ್ಲುತ್ತದೆ.

ಅವರೂ ತಪ್ಪು ಮಾಡದವರಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷದ ಕಥೆಯನ್ನು ಯಾರೂ ಕೇಳದಿದ್ದರೂ ಅವರೇ ಹೇಳುತ್ತಾರೆ. ರಕ್ತ ಕೊಡುವ ಕುರಿಗಳಲ್ಲವೇ, ಗಟ್ಟಿಯಾಗಲಿ ಎಂದು ಮನೆಯಲ್ಲಿ ಹೆಂಡತಿ ಸುಬ್ಬಮ್ಮ ಹಸುಗಳಿಗೆ ಹಾಕುತ್ತಿದ್ದ ಖನಿಜದ ಪುಡಿಯನ್ನು ತಂದು ದಿನಾ ಹಿಂಡಿಗೆ ಬೆರೆಸಿದರು. ಹಸುವಿಗೆ ಆಗಿಬರುವ ಆ ಪುಡಿಯಲ್ಲಿ ತಾಮ್ರವಿರುತ್ತದೆ, ಕುರಿಗೆ ಅದು ವಿಷ. ಅದರ ಪಿತ್ತಜನಕಾಂಗದಲ್ಲಿ ತಾಮ್ರ ತಿಂಗಳುಗಟ್ಟಲೆ ಸದ್ದಿಲ್ಲದೆ ಕೂಡಿಕೊಳ್ಳುತ್ತಾ ಹೋಗಿ, ಒಂದು ದಿನ ಒಟ್ಟಿಗೇ ರಕ್ತಕ್ಕೆ ನುಗ್ಗುತ್ತದೆ. ಕೆಂಪು ಕಣಗಳು ಒಡೆಯುತ್ತವೆ. ಕಣದೊಳಗೆ ಇರಬೇಕಾದ ಹಿಮೋಗ್ಲೋಬಿನ್ ಹೊರಗೆ ಚೆಲ್ಲಿ ಮೂತ್ರಪಿಂಡವನ್ನೇ ಕೆಡಿಸುತ್ತದೆ.

"ಒಂದಿನ ಒತ್ತಾರೆ ಬಂದ್ ನೋಡ್ತೀನಿ, ಎರಡು ಕುರಿ ಉಚ್ಚೆ ಡಿಕಾಕ್ಷನ್ ಬಣ್ಣ ಸಾರ್. ಕಣ್ಣು ಅರಿಶಿನ. ಎರಡೇ ದಿನ, ಓಗ್ಬುಟ್ವು. ಒಳ್ಳೇದ್ ಮಾಡ್ತೀನಿ ಅಂತ ನಾನೇ ಕೊಂದೆ." ಘಟಕದ ಯಜಮಾನರ ಮುಂದೆ ಹೋಗಿ ತಾವೇ ತಪ್ಪೊಪ್ಪಿಕೊಂಡರು. ಕೆಲಸ ಉಳಿಯಿತು. ಅಂದಿನಿಂದ ಯಾರಾದರೂ ಒಳ್ಳೆಯದಕ್ಕೆ ಎಂದು ಏನಾದರೂ ತಂದರೆ ಅದು ಕೊಟ್ಟಿಗೆಯ ಹೊಸ್ತಿಲು ದಾಟುವುದಿಲ್ಲ.

ಹೋದ ವರ್ಷದ ಮಳೆಗಾಲದಲ್ಲಿ ಕುರಿಗಳ ವಿಷಯದ ಈ ಹಟವೇ ಅವರನ್ನು ಕಷ್ಟಕ್ಕೆ ಸಿಕ್ಕಿಸಿತು. ಊರಲ್ಲೆಲ್ಲ ಜ್ವರ, ತಟ್ಟೆಗಳಿಗೆ ಎಲ್ಲಿಲ್ಲದ ಬೇಡಿಕೆ. ಘಟಕದ ಮ್ಯಾನೇಜರ್ ನಿರಂಜನ್ ದಿನಕ್ಕೆ ಎರಡರ ಬದಲು ಮೂರು ಕುರಿಯ ರಕ್ತ ಬೇಕು ಎಂದರು. ನಿರಂಜನ್ ಕೆಟ್ಟವರಲ್ಲ, ಫೋನು ಬಿಡುವಿಲ್ಲದೆ ಬಡಿದುಕೊಳ್ಳುವಾಗ ಯಾರಾದರೂ ಕೇಳುವುದನ್ನೇ ಕೇಳಿದರು. ಮುನಿಯಣ್ಣ ಆಗೊಲ್ಲ ಎಂದರು. ಮೂರು ಕುರಿಗಳ ರೆಪ್ಪೆ ಬೆಳ್ಳಗಾಗಿದೆ, ಇನ್ನು ಐದರದು ಗುಲಾಬಿ, ಇರುವುದರಲ್ಲಿ ಎರಡು ಸಿಗುವುದೇ ಕಷ್ಟ ಎಂದರು. ಮಾತಿಗೆ ಮಾತು ಬೆಳೆಯಿತು.

"ಕಂಪನಿ ಕುರಿ ಅಲ್ವಾ ಮುನಿಯಣ್ಣ ಇದು? ನಿಮ್ಮನೇದಾ?" ಎಂದು ನಿರಂಜನ್ ಕೇಳಿಯೇಬಿಟ್ಟರು.

"ಕಂಪನೀದೇ ಸಾರ್. ಬೇಕಾದ್ರೆ ನನ್ನ ತೆಗೆದಾಕಿ. ನಾ ಇರೋಗಂಟ ಇವು ಮೂರ್ನ ಮುಟ್ಟಾಕೆ ಬಿಡಾಕಿಲ್ಲ."

ಈ ಜಗಳ ಆರುವ ಮುಂಚೆಯೇ ಇನ್ನೊಂದು ಬಂತು. ಪಕ್ಕದ ಅಪಾರ್ಟ್‌ಮೆಂಟಿನ ಐದನೇ ಮಹಡಿಯಿಂದ ಯಾರೋ ಮುನಿಯಣ್ಣ ಕುರಿಯ ಕತ್ತಿಗೆ ಸೂಜಿ ಚುಚ್ಚುವುದನ್ನು ಮೊಬೈಲಿನಲ್ಲಿ ಹಿಡಿದು, 'ಮೂಕಪ್ರಾಣಿಗಳ ರಕ್ತ ಹೀರುವ ದಂಧೆ' ಎಂದು ವಾಟ್ಸಾಪಿಗೆ ಹಾಕಿದರು. ಒಂದೇ ದಿನದಲ್ಲಿ ಅದು ಹೆಬ್ಬಾಳದಿಂದ ನಾಗಸಂದ್ರದವರೆಗೆ ಓಡಾಡಿತು. ಸುಬ್ಬಮ್ಮನಿಂದ ಹಾಲು ಹಾಕಿಸಿಕೊಳ್ಳುವ ಒಂದು ಮನೆಯವರೇ ಅವರಿಗೆ ಅದನ್ನು ತೋರಿಸಿ, "ಇವರು ನಿಮ್ಮನೆಯವರಲ್ವಾ?" ಎಂದು ಕೇಳಿದರಂತೆ. ಆ ಮನೆಯವರು ಮರುದಿನದಿಂದ ಹಾಲು ಬೇಡವೆಂದರು.

ದೂರು ಹೋಯಿತು. ಪ್ರಾಣಿಗಳ ಬಳಕೆಯ ಮೇಲೆ ನಿಗಾ ಇಡುವ ಸಮಿತಿಯಿಂದ ಹತ್ತು ದಿನದಲ್ಲಿ ತಪಾಸಣೆ ಎಂದು ಗೊತ್ತಾಯಿತು. ಬಲಹೀನ ಕುರಿಯೊಂದರಿಂದ ರಕ್ತ ತೆಗೆದದ್ದು ಕಂಡುಬಂದರೂ ಸಾಕು, ಅಷ್ಟೂ ಕುರಿಗಳನ್ನು ಬೇರೆಡೆಗೆ ಸಾಗಿಸುತ್ತಾರೆ, ಕೊಟ್ಟಿಗೆ ಮುಚ್ಚುತ್ತದೆ. ಇಷ್ಟು ವರ್ಷದ ಹೆಸರು ಆ ವಿಡಿಯೊದಲ್ಲಿ ಇದ್ದಂತೆಯೇ ಉಳಿದುಹೋಗುತ್ತದೆ. ಆ ಹತ್ತು ದಿನ ಮುನಿಯಣ್ಣ ಮನೆಯಲ್ಲಿ ಊಟ ಸರಿಯಾಗಿ ಮಾಡಲಿಲ್ಲ ಎಂದು ಸುಬ್ಬಮ್ಮ ಹೇಳುತ್ತಾರೆ. ಮುನಿಯಣ್ಣನನ್ನು ಕೇಳಿದರೆ, "ಉಂಡೆ ಬುಡಿ" ಎನ್ನುತ್ತಾರೆ.

ತಪಾಸಣೆಗೆ ಬಂದವರು ಡಾಕ್ಟರ್ ಸರಳಾ, ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿ ನಿವೃತ್ತರಾದ ಪಶುವೈದ್ಯೆ. ಜೊತೆಗೆ ರಕ್ತದ ಹನಿ ಹಾಕಿದರೆ ಹಿಮೋಗ್ಲೋಬಿನ್ ಎಷ್ಟಿದೆ ಎಂದು ತೋರಿಸುವ ಒಂದು ಪುಟ್ಟ ಯಂತ್ರ. ರೆಪ್ಪೆಯ ವಿಷಯ ಕೇಳಿದ ಅವರು, "ಹಾಗಾದ್ರೆ ಮೊದಲು ನೀವು ನೋಡಿ ಬೇರೆ ಮಾಡಿ ಮುನಿಯಣ್ಣ. ಆಮೇಲೆ ನಾನು ಯಂತ್ರ ಹಾಕ್ತೀನಿ" ಎಂದರು. ಅದು ಪರೀಕ್ಷೆ ಎಂದು ಎಲ್ಲರಿಗೂ ಅರ್ಥವಾಯಿತು. ನಿರಂಜನ್ ಬಾಗಿಲಿಗೆ ಒರಗಿ ನಿಂತರು. ತರನ್ನುಮ್ ಮುಂದಿನ ಕಟ್ಟಡದ ಕೆಲಸ ಬಿಟ್ಟು ಕೈಗವಸಿನಲ್ಲೇ ಓಡಿಬಂದಳು.

ಹದಿನೈದು ಕುರಿ ಎಡಕ್ಕೆ, ಆರು ಬಲಕ್ಕೆ, ಮೂರು ಹಿಂದಕ್ಕೆ. ಡಾಕ್ಟರ್ ಒಂದೊಂದಾಗಿ ಪರೀಕ್ಷಿಸುತ್ತಾ ಬಂದರು. ಕುರಿಗೆ ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಮೇಲಿದ್ದರೆ ಸರಿ. ಎಡಗಡೆಯವು ಎಲ್ಲವೂ ಒಂಬತ್ತೂವರೆಗಿಂತ ಮೇಲೆ. ಹಿಂದಿನ ಮೂರೂ ಏಳರ ಆಸುಪಾಸು. ಅವುಗಳ ಕತ್ತಿನ ಉಣ್ಣೆ ದಟ್ಟವಾಗಿ ಬೆಳೆದಿತ್ತು. ಎರಡು ತಿಂಗಳಿಂದ ಅಲ್ಲಿ ಕತ್ತರಿ ಆಡಿಲ್ಲ, ಸೂಜಿಯ ಗುರುತೂ ಇಲ್ಲ. ಬಲಗಡೆಯವು ಎಂಟು, ಎಂಟೂವರೆ ಎಂದು ಬರುತ್ತಾ ಹೋದವು. ಕೊನೆಗೆ ಉಳಿದದ್ದು ಕೆಂಚಿ.

ಕೆಂಚಿಗೆ ಹೊಸಬರನ್ನು ಕಂಡರಾಗದು. ಯಂತ್ರ ಕಂಡದ್ದೇ ತಡ, ತಪ್ಪಿಸಿಕೊಂಡು ಕೊಟ್ಟಿಗೆಯ ಹೊರಗೆ ಓಡಿತು. ನಿರಂಜನ್ ಮತ್ತು ಡಾಕ್ಟರ ಕಾರಿನ ಡ್ರೈವರ್ ಇಬ್ಬರೂ ಖಾಲಿ ಸೈಟಿನಲ್ಲಿ ಅದರ ಹಿಂದೆ ಬಿದ್ದು, ಮೂರು ಸುತ್ತು ಓಡಿಸಿ, ಕೊನೆಗೆ ಹಿಂಗಾಲು ಹಿಡಿದು ಎಳೆತಂದರು. ಹನಿ ಹಾಕಿದರೆ ಹತ್ತು ಪಾಯಿಂಟ್ ಒಂದು. ಮುನಿಯಣ್ಣ ಬೇಡವೆಂದು ಬಲಕ್ಕೆ ಕಳಿಸಿದ್ದ ಕುರಿಯ ರಕ್ತ ಎಡಗಡೆಯವುಗಳಷ್ಟೇ ಚೆನ್ನಾಗಿತ್ತು. ಕಣ್ಣಳತೆ ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆಯೂ ತಪ್ಪಿರಬಹುದಲ್ಲ ಎಂಬ ಅನುಮಾನ ಅಲ್ಲಿದ್ದವರ ಮುಖದಲ್ಲೆಲ್ಲ ಕಂಡಿತು.

ಮುನಿಯಣ್ಣ ಯಂತ್ರದ ಕಡೆ ನೋಡಲೂ ಇಲ್ಲ. ಕೆಂಚಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಅದರ ಎದೆಯ ಮೇಲೆ ಕೈಯಿಟ್ಟರು.

"ಡಾಕ್ಟ್ರಮ್ಮ, ತಪ್ ತಿಳ್ಕಬ್ಯಾಡಿ. ಇದು ಎದ್ರಿಕೊಂಡೈತೆ. ಓಡಿಸಿ ಇಡ್ದಿದೀರ. ಎದ್ರಿದ್ ಕುರಿ ರಕ್ತ ನಿಜ ಏಳಾಕಿಲ್ಲ. ಮಧ್ಯಾನಗಂಟ ನನ್ ಅತ್ರ ಬುಡಿ, ಆಮೇಲೆ ನೋಡಿ."

ನಿರಂಜನ್ ಏನೋ ಹೇಳಲು ಹೊರಟರು. ಡಾಕ್ಟರ್ ಸರಳಾ ಕೈಯೆತ್ತಿ ತಡೆದರು. ಅವರ ಮುಖದಲ್ಲಿ ಮೊದಲ ಬಾರಿಗೆ ನಗು ಕಂಡಿತು ಎಂದು ತರನ್ನುಮ್ ನೆನೆಯುತ್ತಾಳೆ. ಕುರಿಯ ಗುಲ್ಮದಲ್ಲಿ, ಅಂದರೆ ಹೊಟ್ಟೆಯ ಎಡಗಡೆ ಇರುವ ಸ್ಪ್ಲೀನ್‌ನಲ್ಲಿ, ಕೆಂಪು ಕಣಗಳ ಒಂದು ದಾಸ್ತಾನು ಇರುತ್ತದೆ. ಹೆದರಿ ಓಡುವಾಗ ಗುಲ್ಮ ಹಿಂಡಿಕೊಂಡು ಅಷ್ಟನ್ನೂ ರಕ್ತಕ್ಕೆ ದೂಡುತ್ತದೆ, ಓಡುವ ಮೈಗೆ ಹೆಚ್ಚು ಆಕ್ಸಿಜನ್ ಬೇಕಲ್ಲ. ಆ ಹೊತ್ತಿನಲ್ಲಿ ಅಳೆದರೆ ರಕ್ತಹೀನ ಕುರಿಯೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಡಾಕ್ಟರರು ಇದನ್ನು ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಓದಿದ್ದರು. ಮುನಿಯಣ್ಣ ಓದಿರಲಿಲ್ಲ. ಎದ್ದು ಬಿದ್ದು ಓಡಿದ ಕುರಿಯ ರೆಪ್ಪೆ ಕೆಂಪಾಗಿ, ಅರ್ಧ ದಿನದಲ್ಲಿ ಮತ್ತೆ ಬಿಳಚಿಕೊಳ್ಳುವುದನ್ನು ಚಿಕ್ಕಂದಿನಿಂದ ನೋಡಿದ್ದರು, ಅಷ್ಟೇ.

ಡಾಕ್ಟರ್ ಕಾದರು. ಮುನಿಯಣ್ಣ ಕೆಂಚಿಯನ್ನು ನೆರಳಿಗೆ ಕರೆದೊಯ್ದು, ನೀರು ಕುಡಿಸಿ, ಹಲಸಿನ ಸೊಪ್ಪು ತಿನ್ನಿಸಿ, ಪಕ್ಕದಲ್ಲೇ ಗೋಡೆಗೊರಗಿ ಕೂತರು. ಎರಡು ಗಂಟೆಗೆ ತಾವೇ ಹಿಡಿದುಕೊಂಡು ಹನಿ ತೆಗೆಸಿದರು. ಎಂಟು ಪಾಯಿಂಟ್ ಮೂರು. ತರನ್ನುಮ್ ಚಪ್ಪಾಳೆ ತಟ್ಟಿಬಿಟ್ಟಳು. ಕೆಂಚಿ ಮತ್ತೆ ಓಡದಿದ್ದದ್ದು ಪುಣ್ಯ.

ವರದಿಯಲ್ಲಿ ಡಾಕ್ಟರ್ ಸರಳಾ ಬರೆದದ್ದು ಒಂದೂವರೆ ಪುಟ. ಕುರಿಗಳನ್ನು ಹಿಂಸಿಸಿದ ಯಾವ ಗುರುತೂ ಇಲ್ಲ, ಹಿಂಡು ಇಲ್ಲೇ ಇರಬಹುದು ಎಂಬುದು ಮೊದಲ ಸಾಲು. ಕೊನೆಯದು ಇನ್ನೂ ಮುಖ್ಯ. ಕುರಿ ಸಾಕುವವರು ಒಪ್ಪದೆ ಯಾವ ಕುರಿಯಿಂದಲೂ ರಕ್ತ ತೆಗೆಯಕೂಡದು, ಈ ವಿಷಯದಲ್ಲಿ ಮ್ಯಾನೇಜರರಿಗಿಂತ ಅವರ ಮಾತೇ ಅಂತಿಮ. ನಿರಂಜನ್ ಅದನ್ನು ಗಟ್ಟಿಯಾಗಿ ಓದಿ ಹೇಳಿದರು. "ನಾನು ಅವತ್ತು ಹಾಗೆ ಮಾತಾಡಬಾರದಿತ್ತು ಮುನಿಯಣ್ಣ" ಎಂದೂ ಹೇಳಿದರು. ವಿಡಿಯೊ ಹಾಕಿದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಡಾಕ್ಟರ ವರದಿಯನ್ನು ನಿರಂಜನ್ ವಿಡಿಯೊ ಓಡಾಡಿದ್ದ ವಾಟ್ಸಾಪ್ ಗುಂಪೊಂದಕ್ಕೆ ಕಳಿಸಿದರು, ಅದು ಹೆಬ್ಬಾಳದವರೆಗೂ ಹೋಗಲಿಲ್ಲ. ಹಾಲು ಬಿಟ್ಟಿದ್ದ ಮನೆಯವರು ಮಾತ್ರ ಮತ್ತೆ ಹಾಕಿಸಿಕೊಳ್ಳುತ್ತಿದ್ದಾರೆ.

ಇವತ್ತು ಸುಂದ್ರಿಯ ಸರದಿ ಎಂದೆವಲ್ಲ. ಮುನಿಯಣ್ಣ ಅದನ್ನು ಬೆಳಕಿಗೆ ತಂದು ಎರಡೂ ರೆಪ್ಪೆ ನೋಡುತ್ತಾರೆ, ಮತ್ತೊಮ್ಮೆ ನೋಡುತ್ತಾರೆ, ಬಲಕ್ಕೆ ಕಳಿಸುತ್ತಾರೆ. ಬೇರೆ ಕುರಿಗಳ ನಾಲ್ಕು ವಾರದ ರಜ ಇನ್ನೂ ಮುಗಿದಿಲ್ಲ, ಅಂದರೆ ಇನ್ನೂರು ತಟ್ಟೆ ಕಡಿಮೆ. ಸುದ್ದಿ ತಿಳಿದ ನಿರಂಜನ್ ಎದುರು ಮಾತಾಡದೆ ಫೋನು ತೆಗೆದುಕೊಂಡು ಅಂಗಳಕ್ಕೆ ಹೋಗಿ, ಯಾವುದೋ ಆಸ್ಪತ್ರೆಯವರಿಗೆ ಸಮಾಧಾನ ಹೇಳತೊಡಗುತ್ತಾರೆ.

ಅವರತ್ತ ನೋಡುತ್ತಾ ಮುನಿಯಣ್ಣ ಕೈ ತೊಳೆಯುತ್ತಾರೆ. ಇನ್ನು ಮೂರು ವರ್ಷಕ್ಕೆ ನಿವೃತ್ತಿ. ಏನಾದರೂ ಆಸೆ ಇದೆಯೇ ಎಂದರೆ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾರೆ.

"ನನ್ಗೇನ್ ಬೇಕು ಸಾರ್. ನಮ್ಮಪ್ಪನ್ ಮಾತು ಒಬ್ರೂ ಕೇಳ್ಲಿಲ್ಲ, ನನ್ ಮಾತು ಕೇಳ್ತವ್ರೆ. ನಾ ಕೆಲ್ಸ ಬಿಟ್ಮೇಲೆ ಇಲ್ಲಿಗೆ ಇನ್ನೊಬ್ಬ ಬತ್ತಾನಲ್ಲ, ಅವನು ಬ್ಯಾಡ ಅಂದ್ರೆ ಅವನ್ ಮಾತ್ನೂ ಇಂಗೇ ಕೇಳ್ಬೇಕು. ಅಷ್ಟು ಮಾಡಿದ್ರೆ ಸಾಕು."